ಸರಾಸರಿ ಬಿಲ್ಲು

ಫೋನು ಬಂದದ್ದು ಭಾನುವಾರ, ಬಾಯಲ್ಲಿ ಬ್ರಷ್ಷು ಇದ್ದಾಗ.
ಲಿಂಗರಾಜಪುರ, ನೀಲಿ ಗೇಟು, ಜಸಿಂತಾ ಟೀಚರ್.
"ನೀರಿನ ಮೀಟರ್ ಗುಂಡಿಯೊಳಗೆ ಜೇನು ಕೂತಿದೆ ಕಣಪ್ಪ,
ಮೂರು ತಿಂಗಳಿಂದ ರೀಡರು ಮುಚ್ಚಳ ಎತ್ತಿಲ್ಲ,
ಸರಾಸರಿ ಬಿಲ್ಲು ಹರಿದು ಕೈಗಿಟ್ಟು ಓಡುತ್ತಾನೆ.
ಕೊಲ್ಲಬೇಡ. ಆದರೆ ತಗೊಂಡು ಹೋಗು."

ವಾರವೆಲ್ಲ ನಾನು ಹಲ್ಲು ಕಟ್ಟುವವನು.
ಶಿವಾಜಿನಗರದ ಲ್ಯಾಬಿನ ಹಿಂದಿನ ಕೋಣೆಯಲ್ಲಿ
ಯಾರದೋ ಒಸಡಿನ ಅಚ್ಚಿಗೆ ಗುಲಾಬಿ ಮೇಣ ಒತ್ತಿ
ಒಂದೊಂದೇ ಹಲ್ಲು ಕೂರಿಸುತ್ತೇನೆ.
ಮೇಣದ ಸಹವಾಸಕ್ಕೇ ಹತ್ತಿರಬೇಕು ಈ ಹುಚ್ಚು.
"ಜೇನುತುಪ್ಪ ಅಂಗಡೀಲಿ ಸಿಗಲ್ವಾ?" ಅನ್ನುತ್ತಾಳೆ ರೋಹಿಣಿ.
ಸಿಗುತ್ತೆ.

ಸ್ಕೂಟರಿನ ಡಿಕ್ಕಿಯಲ್ಲಿ ಸೊಳ್ಳೆಪರದೆ ಹೊಲಿದ ಮುಸುಕು,
ಈರುಳ್ಳಿ ಹೆಚ್ಚುವ ಚಾಕು, ತೆಂಗಿನ ನಾರು, ಒದ್ದೆ ಬಾಳೆಪಟ್ಟೆ.
ಕಾಲಸಂದಿಯಲ್ಲಿ ಖಾಲಿ ಪೆಟ್ಟಿಗೆ.
ಹೆಣ್ಣೂರು ಸಿಗ್ನಲ್ಲಲ್ಲಿ ಆಟೋದವನು ಬಗ್ಗಿ ಕೇಳಿದ:
"ಏನ್ ಗುರು, ಪಾರಿವಾಳಾನಾ?"

ಮುಚ್ಚಳ ಎತ್ತಿದರೆ
ಮುಚ್ಚಳದ ಜೊತೆಗೇ ಎದ್ದು ಬಂತು ಮನೆ.
ಕಬ್ಬಿಣಕ್ಕೆ ಕಚ್ಚಿ ಜೋತ ಐದು ಎರಿ,
ತುಡುವೆ ನೊಣ ತುಂಬಿ ಕಂದಾಗಿ, ಮೇಲ್ದವಡೆಯ ಹಾಗೆ.
ಎಲ್ಲ ಒಟ್ಟಿಗೆ ಒಮ್ಮೆ ಚುಂಯ್ ಎಂದವು,
ಕಾದ ಕಾವಲಿಗೆ ನೀರು ಚಿಮುಕಿಸಿದಂತೆ.
ತಳದಲ್ಲಿ, ಗಾಜಿನಡಿ, ಕಾವೇರಿ
ಮುಳ್ಳು ತಿರುಗಿಸಿಕೊಂಡು ತನ್ನ ಪಾಡಿಗೆ ಹೋಗುತ್ತಿತ್ತು.

ನಾರಿಗೆ ಬೆಂಕಿ ಹಚ್ಚಿ ಎರಡು ಸಲ ಊದಿದೆ.
ಮರಿ ಇದ್ದ ಎರಿ ಕೊಯ್ದು, ಚೌಕಟ್ಟಿಗಿಟ್ಟು
ಬಾಳೆನಾರಿನಿಂದ ಕಟ್ಟಿದೆ, ಬಿಗಿಯಾಗದಂತೆ, ಜಾರದಂತೆ.
ಕಿಟಕಿಯಿಂದ ಟೀಚರ್: "ಎಡಗಡೆ ಒಂದು ಬಿಟ್ಟೆ ನೋಡು."
ಮೂವತ್ತು ವರ್ಷ ಗಣಿತ ಹೇಳಿದ ಗಂಟಲು.
ಒಂದೇ ಒಂದು ಕಚ್ಚಿತು. ಕಿವಿಯ ಹಿಂದೆ.
ಮುಳ್ಳು ಕೀಳಲು ಕೈ ಬಿಡುವಿರಲಿಲ್ಲ.

ರಾಣಿ ಸಿಗಲಿಲ್ಲ. ಬೆನ್ನು ಸೆಟೆದು ಹೋಯಿತು.
ಸಿಕ್ಕಳು ಕೊನೆಗೆ, ಪೈಪಿನ ತಿರುವಿನಲ್ಲಿ,
ಕಪ್ಪಗೆ, ಉದ್ದಕ್ಕೆ, ಆತುರವಿಲ್ಲದೆ ನಡೆಯುತ್ತ,
ಸಂತೆಯೆಲ್ಲ ಸುತ್ತಿ ಏನೂ ಕೊಳ್ಳದವಳ ಹಾಗೆ.
ಬೆಂಕಿಪೊಟ್ಟಣ ಮುಂದೆ ಹಿಡಿದೆ.
ತಾನಾಗಿಯೇ ಹತ್ತಿದಳು.

ಆಮೇಲೆ ನನ್ನದೇನೂ ಕೆಲಸವಿಲ್ಲ.
ಪೆಟ್ಟಿಗೆಯ ಬಾಗಿಲಲ್ಲಿ ನಾಲ್ಕಾರು ನೊಣ
ಹಿಂಬದಿ ಎತ್ತಿ ರೆಕ್ಕೆ ಬೀಸಿ ಕರೆದವು,
ಉಳಿದವು ನಡೆದೇ ಬಂದವು, ಹಾರದೆ,
ಮೆಟ್ಟಿಲ ಮೇಲೆ ಚೆಲ್ಲಿದ ರಾಗಿ ತಾನೇ ಮೇಲಕ್ಕೆ ಹರಿದಂತೆ.

ಕತ್ತಲಾಗುವ ತನಕ ಕಾದೆ, ಹೊರಗೆ ಹೋದವು ಮರಳಲಿ ಎಂದು.
ಟೀಚರ್ ಟೀ ತಂದರು. ಒಂದು ತುಂಡು ಎರಿ ಕೊಟ್ಟೆ.
ಅಗಿದರು, ಅಗಿದರು, ಮೇಣ ಉಗಿಯಲಿಲ್ಲ.
ಅವರ ಮೇಲಿನ ಸಾಲು ನಾನು ಮಾಡಿದ್ದಲ್ಲ,
ಆದರೂ ಒಳ್ಳೆ ಕೆಲಸ.
"ರಾತ್ರಿ ಗೇಟು ಹಾಕುವಾಗ ಗುಂಯ್ ಅಂತಿತ್ತು" ಎಂದರು.
ಮತ್ತೇನೂ ಹೇಳಲಿಲ್ಲ.

ಕೊತ್ತನೂರಿನ ನಮ್ಮ ಟೆರೇಸು, ಸಿಂಟೆಕ್ಸಿನ ನೆರಳು,
ಇರುವೆ ಬಾರದಂತೆ ಕಾಲಡಿ ನಾಲ್ಕು ಬಟ್ಟಲು ನೀರು.
ಮೊದಲ ದಿನ ಪರಾಗ ಹೊತ್ತು ಬಂದವು, ಹಳದಿ.
ಎರಡನೆಯ ದಿನ ಮಳೆ.
ನಾಲ್ಕನೆಯ ಬೆಳಿಗ್ಗೆ ಪೆಟ್ಟಿಗೆಗೆ ಕಿವಿ ಇಟ್ಟೆ:
ಪಕ್ಕದ ಮನೆಯ ಮಿಕ್ಸಿ ಕೇಳಿಸಿತು.

ಕಟ್ಟಿದ ನಾರು ಕಟ್ಟಿದಂತೆ ಇತ್ತು.
ಎರಿ ಕಾಗದದಷ್ಟು ಹಗುರ.
ಪುಸ್ತಕದಲ್ಲಿ ಕಾರಣ ಹನ್ನೊಂದು ಬರೆದಿದ್ದಾರೆ,
ಹನ್ನೊಂದೂ ನಾನೇ.

ಆ ಮೇಣ ಲ್ಯಾಬಿಗೆ ಒಯ್ದು ಕರಗಿಸಿದೆ.
ನಮ್ಮಲ್ಲಿ ಅಚ್ಚನ್ನು ಕುದಿನೀರಿಗೆ ಹಾಕುತ್ತೇವೆ,
ಮೇಣ ಹರಿದು ಹೋಗಬೇಕು,
ಅದು ಬಿಟ್ಟುಹೋದ ಜಾಗಕ್ಕೇ ಒಸಡು ತುಂಬುವುದು.
ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ.
ಅವತ್ತು ಕೋಣೆಯೆಲ್ಲ ಹೂವಿನ ವಾಸನೆ ಬಂದು
ಡೆಲಿವರಿ ಹುಡುಗ ಸಿಲ್ವೆಸ್ಟರ್ ಕೇಳಿದ,
"ಯಾರಾದರೂ ಹೋದರಾ ಸಾರ್?"

ತಿಂಗಳಾಗಿ ಮತ್ತೆ ಫೋನು.
"ಬಂದಿವೆ ಕಣಪ್ಪ."
ಅವೇನಾ, ಬೇರೆಯವಾ? ಮುಖ ನೋಡಿ ಹೇಳಬಲ್ಲವನಲ್ಲ ನಾನು.
ಬರಲಾ, ಎಂದೆ.
ಆ ಕಡೆ ಕುಕ್ಕರು ಒಂದು ಕೂಗಿತು, ಎರಡು.
"ಬೇಡ. ಲೆಕ್ಕ ಹಾಕಿ ನೋಡಿದೆ,
ಸರಾಸರಿ ಬಿಲ್ಲೇ ಸೋವಿ."